ಅಳಿಯಂದಿರು ಎಸೆದ ಕೀಬೋರ್ಡು

ನಮ್ಮ ಕಾರ್ಖಾನೆ ಯಜಮಾನರ ಅಳಿಯನಿಗೆ ಕಂಪ್ಯೂಟರ್ ಬರುತ್ತದೆ ಎಂದು ಮೊದಲು ಹೇಳಿದವರು ಯಾರೋ, ಅವರ ಬಾಯಿಗೆ ಬೀಗ ಹಾಕಬೇಕಿತ್ತು.

ಅಂಗಡಿಯ ಶೂ ಹಿಡಿಸದ ಪಾದಗಳಿಗೆ ಅಳತೆಯ ಮೇಲೆ ಶೂ ಹೊಲಿಯುವ ಕಾರ್ಖಾನೆ ನಮ್ಮದು. ಶೂಗಳನ್ನು ಕೂರಿಸಿ ಹೊಲಿಯುವ ಮರದ ಅಚ್ಚುಗಳ ನಕ್ಷೆ ಬರೆಯುವವಳು ನಾನು. ಬರೆಯುವುದು ಇಪ್ಪತ್ತು ವರ್ಷ ಹಳೆಯ ವರ್ಕ್‌ಸ್ಟೇಷನ್‌ನಲ್ಲಿ. ಅದರ ಡಿಸ್ಕ್ ಕೈಕೊಟ್ಟಿತು. ನಕ್ಷೆಗಳ ನಕಲು ನನ್ನ ಹತ್ತಿರವಿತ್ತು. ಹೊಸ ಡಿಸ್ಕಿಗೆ ಲಿನಕ್ಸ್ ಹಾಕಿದರೆ ಇನ್ನೂ ಹತ್ತು ವರ್ಷ ದುಡಿಯುತ್ತದೆ, ನಾನೇ ಹಾಕುತ್ತೇನೆ ಎಂದೆ. ಯಜಮಾನರು ನಕ್ಕರು.

"ನಿಂಗ್ಯಾಕಮ್ಮ ಆ ಉಸಾಬರಿ? ಅಳಿಯಂದಿರು ನೋಡ್ಕೋತಾರೆ. ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಇದನ್ನ ಗುಜರಿಗೆ ಹಾಕಿ, ನಕ್ಷೆ ಕೆಲಸ ಹೊರಗೆ ಕೊಟ್ಬಿಡ್ತೀನಿ."

ನಕ್ಷೆ ಹೊರಗೆ ಹೋದರೆ ನಾನೂ ಹೊರಗೆ. ಅದನ್ನು ಬಿಡಿಸಿ ಹೇಳುವಷ್ಟು ಮರ್ಯಾದೆಯೂ ಅವರಿಗಿರಲಿಲ್ಲ.

ಅಳಿಯಂದಿರು ಬಂದರು. ಕತ್ತಿನಲ್ಲಿ ಹೆಡ್‌ಫೋನು, ಕೈಯಲ್ಲಿ ಪೆನ್‌ಡ್ರೈವು.

"ಇದು ಪೆನ್‌ಡ್ರೈವಿಂದ ಶುರುವಾಗಲ್ಲ, ಸೀಡಿ ಬೇಕು" ಎಂದೆ.

"ಸೀಡಿನಾ! ಯಾವ ಕಾಲದಲ್ಲಿದ್ದೀರಕ್ಕಾ?" ಎಂದು ಹಲ್ಲು ಕಿರಿದರು. ಎರಡು ಗಂಟೆ ಪೆನ್‌ಡ್ರೈವನ್ನು ಚುಚ್ಚಿದರು, ಕಿತ್ತರು, ಮತ್ತೆ ಚುಚ್ಚಿದರು. ಆಮೇಲೆ, ನಾನು ಮೊದಲೇ ಬರೆದಿಟ್ಟಿದ್ದ ಸೀಡಿಯನ್ನು ತಮ್ಮದೇ ಉಪಾಯವೆಂಬಂತೆ ಕೇಳಿ ಪಡೆದರು.

ನಾನು ಊಟ ಮುಗಿಸಿ ಬರುವಷ್ಟರಲ್ಲಿ ಪರದೆ ಕಪ್ಪಗಿತ್ತು.

"ಬೋರ್ಡೇ ಹೋಗಿದೆ ಮಾವ. ಇನ್ನು ಮುಟ್ಟಿ ಪ್ರಯೋಜನ ಇಲ್ಲ" ಎಂದು ಅಳಿಯಂದಿರು ತೀರ್ಪು ಕೊಡುತ್ತಿದ್ದರು.

ಮೇಜಿನ ಮೇಲೆ ಅವರು ತಂದ ಥಳಥಳಿಸುವ ಕೀಬೋರ್ಡು. ನನ್ನದು ಕಸದ ಬುಟ್ಟಿಯಲ್ಲಿ, ಚರ್ಮದ ಚೂರುಗಳ ಮೇಲೆ. ಗಲೀಜಾಗಿತ್ತಂತೆ, ಮುಟ್ಟಲು ಹೇಸಿಗೆಯಾಯಿತಂತೆ. ಈ ಯಂತ್ರ ತನ್ನ ಜಾತಿಯ ಕೀಬೋರ್ಡ್ ಕಾಣದಿದ್ದರೆ ಪರದೆಗೆ ಒಂದಕ್ಷರವನ್ನೂ ಕಳಿಸುವುದಿಲ್ಲ. ಹೇಳುವುದನ್ನೆಲ್ಲ ಬೆನ್ನ ಹಿಂದಿನ ಇನ್ನೊಂದು ಕಿಂಡಿಯಿಂದ ಹೇಳುತ್ತ ಕೂರುತ್ತದೆ. ಮಹಾಶಯರು ಬದುಕಿದ್ದ ಯಂತ್ರಕ್ಕೆ ಎಳ್ಳುನೀರು ಬಿಡುತ್ತಿದ್ದರು.

ನನ್ನ ಕೀಬೋರ್ಡನ್ನು ಬುಟ್ಟಿಯಿಂದೆತ್ತಿ ಒರೆಸಿ ಸಿಕ್ಕಿಸಿದೆ, ಯಂತ್ರವನ್ನು ಆರಿಸಿ ಮತ್ತೆ ಹಾಕಿದೆ. ಅಕ್ಷರಗಳು ಸರಸರ ಇಳಿದವು. ಒಂದು ಗಂಟೆಯಲ್ಲಿ ಲಿನಕ್ಸ್ ಕೂತಿತು. ಎಡಗಾಲಿನ ಅಚ್ಚೊಂದರ ನಕ್ಷೆ ತೆರೆದು ತೋರಿಸಿದೆ.

ಯಜಮಾನರು ಅಳಿಯನ ಬೆನ್ನು ತಟ್ಟಿದರು. "ಭೇಷ್!"

"ಏನೋ ಲೂಸ್ ಕನೆಕ್ಷನ್ ಇತ್ತು ಮಾವ" ಎಂದ ಆ ನಾಚಿಕೆಗೆಟ್ಟವನು.

ಯಜಮಾನರು ನನ್ನ ಕಡೆ ತಿರುಗಿದರು. "ಇನ್ಮೇಲೆ ನಕ್ಷೆ ಅಳಿಯಂದಿರೇ ನೋಡ್ಕೊಳ್ಳಲಿ. ನೀನು ತಿಂಗಳ ಕೊನೆವರೆಗೂ ಇದ್ದು ಎಲ್ಲಾ ಹೇಳ್ಕೊಟ್ಟು ಹೋಗಮ್ಮ."

ಇಷ್ಟು ವರ್ಷ ಇಂಥವರ ಕೈಕೆಳಗೆ ದುಡಿದೆನಲ್ಲಾ ಎಂದು ನನ್ನ ಮೇಲೇ ಅಸಹ್ಯವಾಯಿತು. ಕಾರ್ಖಾನೆಯ ಕೀಬೋರ್ಡು ಕೆಟ್ಟಾಗ ಇನ್ನೊಂದು ತರಿಸಲು ಇವರು ಕೈಬಿಚ್ಚಿರಲಿಲ್ಲ. ಇದು ನಮ್ಮಣ್ಣನ ಆಫೀಸು ಮುಚ್ಚಿದಾಗ ಅಲ್ಲಿಂದ ನಾನೇ ತಂದದ್ದು. ಈಗ ಹುಡುಕಿದರೂ ಸಿಗುವುದಿಲ್ಲ.

ಕಿತ್ತೆ. ತನ್ನ ಜಾತಿಯ ಕೀಬೋರ್ಡು ಕಳಚಿದ್ದೇ ತಡ, ಯಂತ್ರ ನಿಂತಲ್ಲೇ ನಿಂತಿತು. ವೈರು ಸುತ್ತಿ, ಊಟದ ಡಬ್ಬಿಯ ಪಕ್ಕ ಚೀಲಕ್ಕೆ ಹಾಕಿಕೊಂಡೆ.

"ಏನ್ ಮಾಡ್ತಿದ್ದೀಯಮ್ಮ?" ಯಜಮಾನರು ಗಾಬರಿಯಾದರು.

"ಗಲೀಜು ಸಾರ್, ಅಳಿಯಂದಿರಿಗೆ ಹೇಸಿಗೆ. ಅವ್ರ ಹೊಸದಿದೆಯಲ್ಲ, ಅದರಲ್ಲೇ ಕೆಲಸ ಮಾಡ್ಲಿ."