ಉಗಿದವರ ಸಾಕ್ಷಿ

ನಮ್ಮ ಓದುಕೂಟದಲ್ಲಿ ಮೂರು ಕಾಲಿನ ಒಂದು ಸ್ಟೂಲಿದೆ. ವಾರಕ್ಕೊಬ್ಬರು ಅದರ ಮೇಲೆ ಕೂತು ಓದಿದ್ದನ್ನೆಲ್ಲ ಅನುಮಾನಿಸಬೇಕು. ಅನುಮಾನ ತೀರುವ ತನಕ ಏಳುವಂತಿಲ್ಲ. ಆ ಭಾನುವಾರ ಮಧ್ಯಾಹ್ನ ಸರದಿ ನನ್ನದು. ಗಾಜಿನ ಕಾರ್ಖಾನೆಯಲ್ಲಿ ಬಾಟಲಿಗಳನ್ನು ದೀಪಕ್ಕೆ ಹಿಡಿದು ಗುಳ್ಳೆ ಹುಡುಕುವುದು ನನ್ನ ಕಸುಬು. ಮೊಸರಲ್ಲೂ ಕಲ್ಲು ಹುಡುಕೋ ಜಾತಿ ಎಂದು ಹೆಂಡತಿ ಬೈಯುವುದು ಸುಳ್ಳಲ್ಲ.

ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆ. ಗೋಡೆಗೆ ಹಳೆಯ ಟೈರುಗಳು, ನೆಲಕ್ಕೆ ಚಾಪೆ. ಬಾಗಿಲ ಬಳಿ ಒಬ್ಬ ಅಪರಿಚಿತ ಹೆಂಗಸು ಕೂತಿದ್ದಳು. ನಮ್ಮ ಕೂಟದಲ್ಲೇ ಇದ್ದ ಕಾರ್ಮಿಕ ಸಂಘದ ಕಾರ್ಯದರ್ಶಿಯನ್ನು ಹುಡುಕಿಕೊಂಡು ಬಂದವಳಿಗೆ, ಓದು ಮುಗಿಯಲಿ ಇರಮ್ಮಾ ಎಂದಿದ್ದೆವು.

ಚರ್ಚೆಗಿದ್ದದ್ದು ಯೇಸು. ಪವಾಡ ಬೇಡ, ನಂಬಿಕೆ ಅವರವರಿಗೆ ಬಿಟ್ಟದ್ದು. ಅಂಥ ಒಬ್ಬ ಮನುಷ್ಯ ಇದ್ದನೇ, ಅಷ್ಟೇ ಪ್ರಶ್ನೆ ಎಂದು ಮೇಷ್ಟ್ರು ಗೆರೆ ಎಳೆದಿದ್ದರು. ಚರಿತ್ರೆ ಪಾಠ ಹೇಳಿ ನಿವೃತ್ತರಾದವರು.

"ಆ ಕಾಲದ ಒಂದು ಸರ್ಕಾರಿ ಕಾಗದ ತೋರಿಸಿ ಮೇಷ್ಟ್ರೇ, ಒಪ್ತೀನಿ," ಎಂದೆ.

"ಬಡಗಿ ಕಣಯ್ಯಾ ಅವನು. ಬಡಗಿ ಹೆಸರನ್ನ ಯಾವ ಸರ್ಕಾರ ಬರ್ಕೊಳ್ಳುತ್ತೆ? ಎಂಬತ್ತು ಚಿಲ್ಲರೆ ವರ್ಷ ಆದ್ಮೇಲೆ ರೋಮಿನ ಚರಿತ್ರೆಕಾರನೊಬ್ಬ ಬರೀತಾನೆ, ನಮ್ಮ ಅಧಿಕಾರಿ ಅವನಿಗೆ ಮರಣದಂಡನೆ ಕೊಟ್ಟ ಅಂತ."

"ಎಂಬತ್ತು ವರ್ಷ! ಗಾಳಿ ಮಾತು."

"ಇರಬಹುದು. ಆದ್ರೆ ಬರೆದವನು ಭಕ್ತ ಅಲ್ಲ, ಅವರನ್ನ ಕಂಡ್ರೆ ಹೇಸೋನು. ನೆಂಟ ಹೊಗಳಿದ್ರೆ ಯಾರು ಕೇಳ್ತಾರೆ? ಹಗೆ ಹೇಳಿದ ಸಾಕ್ಷಿಗೆ ತೂಕ."

"ಇನ್ನೊಬ್ಬ ಯೆಹೂದಿ ಚರಿತ್ರೆಕಾರ ಇದ್ದಾನಲ್ಲ, ಅವನ ಬರಹದಲ್ಲಿ ಭಕ್ತರು ಕೈಯಾಡಿಸಿದ್ದಾರೆ ಅಂತ ನೀವೇ ಓದಿದ್ರಿ."

"ಒಂದು ಕಡೆ, ಹೌದು. ಇನ್ನೊಂದು ಕಡೆ ಯೇಸುವಿನ ಸಹೋದರನನ್ನ ಕೊಂದ ಸುದ್ದಿ ಇದೆ. ಅದನ್ನ ಬಹಳ ಜನ ವಿದ್ವಾಂಸರು ಒಪ್ತಾರೆ. ಅದೂ ಬಿಡು. ಶಿಲುಬೆ ಅಂದ್ರೆ ಆಗ ಗುಲಾಮರಿಗೆ, ದಂಗೆಕೋರರಿಗೆ ಕೊಡೋ ನಾಚಿಕೆಗೇಡಿನ ಸಾವು. ಕಥೆ ಕಟ್ಟೋರು ತಮ್ಮ ನಾಯಕನಿಗೆ ಅಂಥ ಸಾವು ಕಟ್ತಾರಾ?"

ಚಾಪೆ ಮೇಲೆ ಕೂತಿದ್ದ ನಮ್ಮ ಕಾರ್ಖಾನೆಯ ವೆಲ್ಡರ್ ನಕ್ಕ. "ಎರಡು ಸಾವಿರ ವರ್ಷದ ಹಿಂದಿನೋನಿಗೆ ಇಷ್ಟು ವಕೀಲರು! ನಮಗೆ ಒಬ್ಬನೂ ಸಿಗಲ್ಲ."

ಆಗ ಹೆಂಗಸು ಬಾಯಿ ಬಿಟ್ಟಳು. "ನನ್ನ ತಮ್ಮ ನಿಮ್ಮ ಕಾರ್ಖಾನೆ ಕುಲುಮೆ ಮುಂದೆ ಸುಟ್ಟು ಸತ್ತ. ಅಂಥೋನೇ ಇರಲಿಲ್ಲ ಅಂತಾರೆ ಕಂಪನಿಯೋರು. ನಾಳೆ ವಿಚಾರಣೆ. ಕಂಡೋರು ಒಬ್ಬರೂ ಬರದಿದ್ರೆ ಫೈಲು ಮುಚ್ಚಿ ಹಾಕ್ತಾರೆ."

"ಯಾವಾಗ ಸತ್ತಿದ್ದು?" ಕಾರ್ಯದರ್ಶಿ ಕೇಳಿದ.

"ನಿಮ್ಮ ಮುಷ್ಕರದ ಹೊತ್ತಲ್ಲಿ. ಮುಚ್ಚಿದ ವ್ಯಾನಲ್ಲಿ ಒಳಗೆ ಹೋಗೋರ ಜೊತೆ ಇದ್ದ."

ಕೋಣೆ ಬಿಗಿಯಿತು. ಮುಷ್ಕರ ಮುರಿಯಲು ಬಂದವರ ಪೈಕಿ! ಆ ದಿನಗಳಲ್ಲಿ ಕುಲುಮೆ ಆರಿತ್ತು, ಒಳಗೆ ನರಪಿಳ್ಳೆಯೂ ಇರಲಿಲ್ಲ ಎಂದು ಕಂಪನಿ ಈಗಲೂ ಸಾಧಿಸುತ್ತದೆ. ಚಿಮಣಿಯ ಹೊಗೆ ಕಂಡ ನಮಗೆ ಕಣ್ಣಿಲ್ಲವೆಂಬಂತೆ.

"ಇದು ಬಲೆ," ಕಾರ್ಯದರ್ಶಿ ನನ್ನ ಕಿವಿಯಲ್ಲಿ ಉಸುರಿದ. "ಗೇಟಲ್ಲಿ ಗಲಾಟೆ ಮಾಡಿದ್ದು ನಾವೇ ಅಂತ ನಮ್ಮ ಬಾಯಲ್ಲೇ ಹೇಳಿಸೋಕೆ ಕಂಪನಿಯೋರು ಕಳಿಸಿದ್ದಾರೆ."

ನನಗೂ ಹಾಗೇ ಅನ್ನಿಸಿತು. ಇಲ್ಲದ ತಮ್ಮನ ಕಥೆ ಕಟ್ಟುವವಳು ಅವನನ್ನು ನಮ್ಮ ಸಂಘದವನನ್ನಾಗಿ ಮಾಡಬೇಕಿತ್ತು, ನಿಜ. ಆದರೆ ನಾಚಿಕೆಯ ಮಾತನ್ನು ಜನ ನಂಬುತ್ತಾರೆ ಎಂಬ ಪಾಠ ಈಗಷ್ಟೇ ಅವಳ ಎದುರೇ ನಡೆದಿತ್ತಲ್ಲ!

"ಅಮ್ಮಾ, ಮೇಷ್ಟ್ರ ಮಾತು ಕೇಳ್ಕೊಂಡು ಈಗ ಕಥೆ ಕಟ್ತಿದ್ದೀಯ?" ಎಂದೆ.

"ಸ್ಟೂಲ್ ಮೇಲೆ ಕೂತಿದ್ದೀರಿ, ಕೇಳಿ." ಅವಳು ಸಿಟ್ಟಾಗಲಿಲ್ಲ. "ಹೊತ್ತಾರೆ ಚಳಿ ಅಂತ ನನ್ನ ಹಸಿರು ಸ್ವೆಟರ್ ಹಾಕ್ಕೊಂಡು ಹೋಗಿದ್ದ. ಹೆಂಗಸರದ್ದು, ಎದೆ ಮೇಲೆ ಹೂವು ಬೇರೆ. ಗೇಟಲ್ಲಿ ವ್ಯಾನಿಂದ ಎಳೆದು ಮುಖಕ್ಕೆ ಉಗಿದ್ರಂತೆ. ಮನೆಗೆ ಬಂದು, ಅಕ್ಕಾ, ಸ್ವೆಟರ್ ಒಗೆದುಕೊಡ್ತೀನಿ ಅಂದ."

ಅವನೇ! ಮುಷ್ಕರದ ದಿನಗಳಲ್ಲಿ ನಾವು "ಹೂವಿನಕ್ಕ, ಹೂವಿನಕ್ಕ" ಎಂದು ಆಡಿಕೊಂಡು ನಕ್ಕ ಹುಡುಗ. ಆಮೇಲೆ ಕಾಣದಾದಾಗ, ಹೆದರಿ ಓಡಿಹೋದ ಎಂದು ಬೀಗಿದ್ದೆವು. ಕಂಪನಿ ಅವನನ್ನು ಹೊಗೆಯಲ್ಲಿ ಅಳಿಸಿತ್ತು. ಅವನ ಗುರುತು ಉಳಿದಿದ್ದದ್ದು ನಮ್ಮ ಗೇಲಿಯಲ್ಲಿ ಮಾತ್ರ.

ವೆಲ್ಡರ್ ಚಾಪೆಯಿಂದ ಎದ್ದ. "ಉಗಿದಿದ್ದು ನಾನು. ನಾಳೆ ಎಷ್ಟೊತ್ತಿಗೆ ಬರಬೇಕು?"

"ಹುಚ್ಚಾ! ನಿನ್ನ ಮೇಲೇ ಕೇಸ್ ಹಾಕ್ತಾರೆ," ಎಂದ ಕಾರ್ಯದರ್ಶಿ.

"ಹಾಕ್ಲಿ. ಇಲ್ಲದಿರೋನ ಮುಖಕ್ಕೆ ಹೆಂಗೆ ಉಗಿದೆ ಅಂತ ಅವರೇ ವಿವರಿಸಲಿ."

ಮೇಷ್ಟ್ರು ಕನ್ನಡಕ ತೆಗೆದರು. ಓದುತ್ತಿದ್ದ ಪುಸ್ತಕ ಮುಚ್ಚಿದರು.

"ಅಮ್ಮಾ, ಅವನ ಬಗ್ಗೆ ನಾವು ಒಳ್ಳೇದು ಹೇಳೋಕೆ ಆಗಲ್ಲ," ಎಂದೆ.

"ಒಳ್ಳೆಯೋನು ಅನ್ನೋದು ಬೇಡ," ಎಂದಳು. "ಇದ್ದ ಅನ್ನಿ, ಸಾಕು."

ನಾನು ಸ್ಟೂಲಿನಿಂದ ಎದ್ದೆ.