ಮಡಕೆ ತಟ್ಟುವಾಗಿನ ಮುಖ

"ನಿನ್ನ ಫೋಟೋದಲ್ಲಿ ಎಲ್ಲರೂ ಹರಳೆಣ್ಣೆ ಕುಡಿದವರ ಹಾಗೆ ಕೂತಿರ್ತಾರಲ್ಲೋ," ಎಂದು ಸ್ಟುಡಿಯೋದವರು ನಕ್ಕಿದ್ದರು. ಆ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು. ಜೀವವಿರುವ ಒಂದು ಮುಖವನ್ನು ಹುಡುಕುತ್ತ ತಮ್ಮ ಅಂದು ಕ್ಯಾಮೆರಾ ಹಿಡಿದೇ ಅಕ್ಕ ಕೆಲಸ ಮಾಡುವ ಮಡಕೆ ಶೆಡ್ಡಿಗೆ ಬಂದ.

ಮಡಕೆ ಸುಡುವ ಆವಿಗೆ ಆರಿತ್ತು. ಸುಟ್ಟ ಮಡಕೆಗಳು ಹುಲ್ಲಿನ ಮೇಲೆ ಸಾಲಾಗಿ ಕೂತಿದ್ದವು. ಒಂದೊಂದನ್ನೂ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಠಣ್ಣೆಂದರೆ ಗಟ್ಟಿಯೆಂದು ಬಲಕ್ಕೆ, ಬದ್ದೆಂದರೆ ಬಿರುಕೆಂದು ಎಡಕ್ಕೆ ಇಡುವುದು ಇಪ್ಪತ್ತು ವರ್ಷಗಳಿಂದ ಅಕ್ಕನ ಕೆಲಸ. ಈ ಎರಡು ವರ್ಷದಿಂದ ಮಾತ್ರ, "ನೀನೂ ಬಾರೋ, ಎದುರಿಗೆ ಕೂತ್ಕೋ," ಎಂದು ತಮ್ಮನನ್ನು ಕರೆಯುತ್ತಿದ್ದಳು. ಹರಟೆಗಿರಬೇಕೆಂದು ಅವನು ತಿಳಿದಿದ್ದ.

ಮಡಕೆ ಒಯ್ಯಲು ಬಂದ ವ್ಯಾಪಾರಿ ಅವಳೆದುರು ಬಗ್ಗಿದ. "ನೋಡಮ್ಮ, ಹೋದ ಸಲ ಮೂರು ಸೋರಿದ್ವು. ಇವತ್ತು ಒಂದು ಬಿರುಕಿಂದು ಬಂದ್ರೂ ನಿನ್ನ ಜಾಗಕ್ಕೆ ಬೇರೆಯವರನ್ನ ಕೂರಿಸೋಕೆ ಹೇಳ್ತೀನಿ."

"ಹೇಳಿ ಅಣ್ಣಾ. ಸೋರಿದ್ರೆ ತಾನೇ?"

ವ್ಯಾಪಾರಿ ಅವಳ ಬೆನ್ನ ಹಿಂದೆ ಸರಿದು ನಿಂತ. ಮೊದಲ ಆರು ಮಡಕೆ ಸಲೀಸಾಗಿ ಬಲಕ್ಕೆ ಹೋದವು. ಎದುರಿಗೆ ಕೂತಿದ್ದ ತಮ್ಮ ಕ್ಯಾಮೆರಾವನ್ನು ಕಣ್ಣಿಗೆತ್ತಿದ.

ಏಳನೆಯದು ಬದ್ದೆಂದಿತು. ಅಕ್ಕನ ಕೈ ಅತ್ತಲೂ ಹೋಗಲಿಲ್ಲ, ಇತ್ತಲೂ ಹೋಗಲಿಲ್ಲ. ಮತ್ತೆ ತಟ್ಟಿದಳು. ಮತ್ತೆ ಬದ್ದೆಂದಿತು. ಅವಳ ಕಣ್ಣು ಕ್ಯಾಮೆರಾದ ಮೇಲೆ ಏನನ್ನೋ ತಡಕಾಡಿತು. ಹೊಳೆಯ ನಡುವೆ ಕಾಲಿಗೆ ನೆಲ ಸಿಗದವಳ ಮುಖ. ಇಷ್ಟು ದಿನ ಹುಡುಕಿದ್ದು ಇದೇ! ತಮ್ಮನ ಬೆರಳು ಗುಂಡಿಯ ಮೇಲೆ ಬಿಗಿಯಿತು.

"ಯಾಕಮ್ಮಾ, ನಿಂತುಬಿಟ್ಟೆ?" ಎಂದ ವ್ಯಾಪಾರಿ. ಅಕ್ಕ ಕತ್ತು ಕೂಡ ತಿರುಗಿಸಲಿಲ್ಲ. ಮಡಕೆ ಮೆಲ್ಲಗೆ ಬಲಕ್ಕೆ ವಾಲಿತು.

ತಮ್ಮನಿಗೆ ಥಟ್ಟನೆ ಹೊಳೆಯಿತು. ಅವಳಿಗೆ ಕೇಳಿಸುತ್ತಿಲ್ಲ. ಇಷ್ಟು ದಿನ ಅವಳು ನೋಡುತ್ತಿದ್ದದ್ದು ಸದ್ದು ಕೇಳಿದ ತನ್ನ ಮುಖವನ್ನು. ಹೋದ ಸಲ ತಾನು ಬಂದಿರಲಿಲ್ಲ. ಇವತ್ತು ಬಂದೂ ಮುಖ ಮುಚ್ಚಿಕೊಂಡಿದ್ದೇನೆ.

ಗುಂಡಿ ಒತ್ತದೆ ಕ್ಯಾಮೆರಾ ಇಳಿಸಿದ. ಹುಬ್ಬು ತಾನಾಗಿಯೇ ಗಂಟಿಕ್ಕಿತ್ತು. ಅಕ್ಕ ಮಡಕೆಯನ್ನು ಎಡಕ್ಕಿಟ್ಟಳು.

ವ್ಯಾಪಾರಿ ಅದಕ್ಕೆ ನೀರು ಸುರಿದು ನೋಡಿದ. ತಳ ಒದ್ದೆಯಾಯಿತು. "ಗಟ್ಟಿಗಿತ್ತಿ ಬಿಡಮ್ಮ," ಎಂದ.

ಗಾಡಿ ಹೋದ ಮೇಲೆ ಅಕ್ಕ ಕೇಳಿದಳು: "ತೆಗೆದ್ಯೇನೋ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಯಾರ ಹತ್ರಾನೂ ಬಾಯಿ ಬಿಡಬೇಡ. ನಿಂಗೊಂದು ಮುಖ ಬೇಕು, ನಂಗೊಂದು ಮುಖ ಬೇಕು. ಆ ಡಬ್ಬಾನ ಎದೆ ಹತ್ರ ಹಿಡ್ಕೊಂಡು ತೆಗೆಯೋಕಾಗಲ್ವಾ?"

ಅವನು ಕ್ಯಾಮೆರಾವನ್ನು ಎದೆಗೊತ್ತಿ ಹಿಡಿದ. ಅಕ್ಕ ಒಂದು ಮಡಕೆ ಎತ್ತಿ ತಟ್ಟಿ, ಅವನ ಮುಖವನ್ನೇ ನೋಡಿದಳು.