ಬೀರುವಿನ ಗುಳಿ

ಒಂದಾನೊಂದು ಊರಿನಲ್ಲಿ ಒಬ್ಬ ಟಿಂಕರ್ ಇದ್ದನಂತೆ. ಎಂಥ ಜಜ್ಜಿಹೋದ ಕಾರಾದರೂ ಅವನ ಸುತ್ತಿಗೆಯ ಮಾತು ಕೇಳುತ್ತಿತ್ತು. ಅವನ ಕೈ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಒಂದು ದಿನ ಆ ಕೈ, ತನ್ನನ್ನು ಎತ್ತಿ ಆಡಿಸಿದ ಅಕ್ಕನನ್ನೇ ಬೀರುವಿನ ಬಾಗಿಲಿಗೆ ಎತ್ತಿ ಎಸೆಯಿತು. ತಗಡು ಒಳಕ್ಕೆ ಹೋಯಿತು. ಅಕ್ಕನ ಕತ್ತಿನ ಬುಡದಿಂದ ಹೆಗಲಿಗೆ ಹೋಗುವ ಮೂಳೆ ಮುರಿಯಿತು.

ಮೂಳೆ ಸೊಟ್ಟಗೇ ಕೂಡಿಕೊಂಡಿತು. ಗುಳಿ ಹಾಗೇ ಉಳಿಯಿತು.

"ನೀನೇ ಮಾಡಿದ್ದು, ನೀನೇ ತೆಗಿ," ಎಂದಿದ್ದಳು ಅಕ್ಕ. "ಅಲ್ಲೀವರೆಗೂ ನನ್ನ ಬಟ್ಟೆ ಚೀಲದಲ್ಲೇ ಇರತ್ತೆ. ಯಾವತ್ತು ಬೇಕಾದ್ರೂ ಮಗಳ ಮನೆಗೆ ಹೊರಟೆ ಅಂದ್ರೆ ಹೊರಟೆ."

ಅವನು ಮಾತು ಕೊಟ್ಟ. ಆದರೆ ಆ ಗುಳಿ ಕಂಡರೆ ಸಾಕು, ಮೈಯೆಲ್ಲ ಉರಿದು ಬೀರುವನ್ನೇ ಚಚ್ಚಿಹಾಕಬೇಕು ಎನಿಸುತ್ತಿತ್ತು.

ಸಮಾಲೋಚಕಿಯೊಬ್ಬರು ಬೆರಳಿನಿಂದ ತಟ್ಟಿಕೊಳ್ಳುವ ಚಿಕಿತ್ಸೆ ಹೇಳಿಕೊಟ್ಟರು. ಕೋಪ ಬಂದಾಗ ಹುಬ್ಬು, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗಲ್ಲ...

"ಅಷ್ಟು ಜಾಗ ನೆನಪು ಮಾಡ್ಕೊಳ್ಳೋಷ್ಟರಲ್ಲಿ ಎದುರಿಗಿರೋನ ಹಲ್ಲು ಉದುರಿರತ್ತೆ ಅಕ್ಕ!"

ಅಕ್ಕ ನಗಲಿಲ್ಲ. "ಎಲ್ಲಾ ಬಿಡು. ಇದೊಂದೇ ಜಾಗ," ಎಂದು ತನ್ನ ಸೊಟ್ಟ ಮೂಳೆಯ ಮೇಲೆ ಎರಡು ಬೆರಳಿಟ್ಟಳು. "ಇಲ್ಲಿ ತಟ್ಟು. 'ನಂಗೆ ಕೋಪ ಬಂದಿದೆ' ಅನ್ನು. ಅಷ್ಟೇ ಕಣೋ."

ಆಮೇಲೊಂದು ದಿನ, ಜಜ್ಜಿದ ಬಾನೆಟ್ಟಿನ ಕಾರನ್ನು ಅವನ ಮನೆ ಮುಂದಕ್ಕೆ ತಂದ ಟ್ಯಾಕ್ಸಿಯವನೊಬ್ಬ ಬಾಯಿ ಬಿಟ್ಟದ್ದೇ ತಪ್ಪಾಯಿತು. "ಹುಷಾರು ಗುರೂ, ಅಕ್ಕನ ಮೂಳೆ ಮುರಿದ ಕೈ ಅದು. ನನ್ನ ಬಾನೆಟ್ಟಿಗೆ ಏನು ಗತಿಯೋ!"

ಮಾತು ಮುಗಿಯುವಷ್ಟರಲ್ಲಿ ಅವನ ಮುಖ ಅದೇ ಬಾನೆಟ್ಟಿಗೆ ಅಪ್ಪಳಿಸಿತ್ತು. ಮೂಗಿನಿಂದ ಚಿಮ್ಮಿದ ರಕ್ತ ಗಾಜಿನ ಮೇಲೆ ಇಳಿಯಿತು. ಟಿಂಕರ್ ಅವನ ಕೂದಲು ಹಿಡಿದೆತ್ತಿ ಮತ್ತೊಮ್ಮೆ ಬಡಿದ. ಬಲಗೈಯ ಸುತ್ತಿಗೆ ಮೇಲೆದ್ದಿತು.

ಹೊಸ್ತಿಲಲ್ಲಿ ಅಕ್ಕ ನಿಂತಿದ್ದಳು. ಹತ್ತಿರ ಬರಲಿಲ್ಲ. ಹೆಗಲಿಗೆ ಚೀಲ. ಎರಡು ಬೆರಳು ಮಾತ್ರ ಆ ಮೂಳೆಯನ್ನು ತಟ್ಟುತ್ತಿದ್ದವು.

ಸುತ್ತಿಗೆ ನೆಲಕ್ಕೆ ಬಿತ್ತು. ರಕ್ತ ಹತ್ತಿದ ಟಿಂಕರ್‌ನ ಬೆರಳುಗಳು ತನ್ನದೇ ಅಂಗಿಯ ಕೊರಳಪಟ್ಟಿಯೊಳಗೆ ಮೂಳೆ ಹುಡುಕಿದವು. "ನಂಗೆ... ಕೋಪ ಬಂದಿದೆ. ನಂಗೆ ಕೋಪ ಬಂದಿದೆ..."

"ಪೊಲೀಸರನ್ನ ಕರ್ಕೊಂಡು ಬರ್ತೀನಿ ಇರು, ಹುಚ್ಚ ನನ್ಮಗನೇ!" ಟ್ಯಾಕ್ಸಿಯವನು ಮೂಗು ಹಿಡಿದು ಬೀದಿಗೆ ಓಡಿದ.

"ಬರ್ಲಿ," ಎಂದಳು ಅಕ್ಕ. "ಬರೋದೇ ಸರಿ. ಅಷ್ಟರೊಳಗೆ ಬೀರುವಿನ ಗುಳಿ ತೆಗಿ."

ಅವನು ಕೈ ತೊಳೆದು, ಮರದ ಸುತ್ತಿಗೆ ಹಿಡಿದು ಬೀರುವಿನ ಬಾಗಿಲು ತೆರೆದ. ಗುಳಿಯ ನಡುವಿಗೇ ಹೊಡೆದರೆ ತಗಡು ಹರಿಯುತ್ತದೆ. ಒಳಗಿನಿಂದ, ಅಂಚು ಹಿಡಿದು ಬರಬೇಕು. ಒಮ್ಮೆ ತಗಡಿಗೆ ತಟ್ಟಿದ, ಒಮ್ಮೆ ತನ್ನ ಮೂಳೆಗೆ. ಹೊರಗೆ ಜನ ಸೇರಿದ ಗದ್ದಲ ಕೇಳಿಸಿತು. ಅವನು ತಲೆ ಎತ್ತಲಿಲ್ಲ. ಕೊನೆಗೊಮ್ಮೆ ತಗಡು ಪಟ್ಟನೆ ಹೊರಕ್ಕೆ ನೆಗೆದು ನೆಟ್ಟಗಾಯಿತು. ಬಾಗಿಲು ಮುಚ್ಚಿ, ಅಂಗೈಯಿಂದ ಸವರಿ, ಪಕ್ಕಕ್ಕೆ ಸರಿದ.

ಅಕ್ಕ ಬಂದು, ಚೀಲ ಹೆಗಲಲ್ಲಿರುವಂತೆಯೇ, ಸುತ್ತಿಗೆಯ ಏಟಿಗೆ ಇನ್ನೂ ಬೆಚ್ಚಗಿದ್ದ ಆ ಜಾಗಕ್ಕೆ ಮೆಲ್ಲಗೆ ಬೆನ್ನು ಆನಿಸಿ ನಿಂತಳು.